ಹೊಗೆಬಂಡಿ ಓಡಿದ ವರ್ಷ: 1853

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ರೈಲಿನ ಮಾತೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಸಾಲ, ಗೊಬ್ಬರ, ಬಿತ್ತನೆ ಬೀಜದ ಸುದ್ದಿಗೆ ಬೇರೆ ಲೇಖನಗಳಿವೆ. ಇತಿಹಾಸದ್ದೊಂದು ಇರಲಿ ಎಂದು ಸಂಪಾದಕ ಸಮಿತಿಯವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಆದರೂ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ. ರೈಲು ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಇಂಜಿನ್ನು, ಹೊಗೆ, ಸಿಳ್ಳು. ಆದರೆ 1853ನೇ ಇಸವಿಯಲ್ಲಿ ಪ್ರಪಂಚದ ಬೇರೆ ಬೇರೆ ಕಡೆ ರೈಲಿಗೆ ಸಂಬಂಧಪಟ್ಟು ನಡೆದ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಲ್ಲಿ ಕಾಣುವುದು ನಮ್ಮ ಸಂಘದ ಮಹಾಸಭೆಯಲ್ಲಿ ಪ್ರತಿ ವರ್ಷ ಕೇಳಿಬರುವ ಪ್ರಶ್ನೆಗಳೇ: ಬಂಡವಾಳ ಯಾರದು, ಬಡ್ಡಿ ಎಷ್ಟು, ನಷ್ಟವಾದರೆ ಹೊರುವವರು ಯಾರು, ತೀರ್ಮಾನ ಮಾಡುವವರು ಯಾರು? ಆ ವರ್ಷ ಕೊಟ್ಟ ಕೆಲವು ಉತ್ತರಗಳ ಭಾರವನ್ನು ನಮ್ಮ ದೇಶ ನೂರು ವರ್ಷಕ್ಕೂ ಮೇಲ್ಪಟ್ಟು ಹೊತ್ತಿತು.

ಮೊದಲು ಎಲ್ಲರಿಗೂ ಗೊತ್ತಿರುವ ಸಂಗತಿ. 1853ರ ಏಪ್ರಿಲ್ 16, ಶನಿವಾರ. ಮಧ್ಯಾಹ್ನ 3 ಗಂಟೆ 35 ನಿಮಿಷ. ಮುಂಬಯಿಯ ಬೋರಿಬಂದರಿನಿಂದ 14 ಡಬ್ಬಿಗಳ ರೈಲುಗಾಡಿಯೊಂದು ಠಾಣೆಯ ಕಡೆಗೆ ಹೊರಟಿತು. ಒಳಗೆ ಸುಮಾರು 400 ಮಂದಿ ಆಹ್ವಾನಿತರು. ಹೊರಡುವಾಗ 21 ತೋಪು ಹಾರಿಸಿದರು. ಎಳೆಯುವುದಕ್ಕೆ ಒಂದಲ್ಲ, ಮೂರು ಇಂಜಿನ್ನುಗಳು. ಅವಕ್ಕೆ ಸಾಹಿಬ್, ಸಿಂಧ್, ಸುಲ್ತಾನ್ ಎಂದು ಹೆಸರಿತ್ತೆಂದು ಹೇಳುತ್ತಾರೆ. ದಾರಿ 21 ಮೈಲಿ, ಅಂದರೆ 34 ಕಿಲೋಮೀಟರು. ಎತ್ತಿನ ಗಾಡಿಗೆ ಒಂದು ದಿನದ ಕೆಲಸವಾಗಿದ್ದ ದೂರ ಸರಿಸುಮಾರು ಒಂದು ಗಂಟೆಯ ಮಾತಾಯಿತು. ಹಳಿಯ ಎರಡೂ ಬದಿಗೆ, ಮನೆಯ ಮಾಡಿನ ಮೇಲೆ ಜನವೋ ಜನ. ಎತ್ತಿಲ್ಲ, ಕುದುರೆಯಿಲ್ಲ, ಬಂಡಿ ತಾನಾಗಿ ಓಡುತ್ತಿದೆ ಅಂದರೆ ಯಾರು ತಾನೇ ಮನೆಯಲ್ಲಿ ಕೂತಾರು!

ಭಾರತದ ನೆಲದ ಮೇಲೆ ಉಗಿ ಇಂಜಿನ್ನು ಓಡಿದ್ದು ಅದೇ ಮೊದಲಲ್ಲ ಎಂಬುದನ್ನೂ ಹೇಳಿಬಿಡಬೇಕು. ಮದರಾಸಿನ ರೆಡ್ ಹಿಲ್ಸ್ ಬಳಿ 1837ರಲ್ಲೇ ಕಲ್ಲು ಸಾಗಿಸಲು ಹಳಿ ಹಾಕಿದ್ದರು. ರೂರ್ಕಿಯಲ್ಲಿ ಗಂಗಾ ಕಾಲುವೆಯ ಕೆಲಸಕ್ಕೆ 1851ರಲ್ಲಿ ಒಂದು ಇಂಜಿನ್ನು ಮಣ್ಣು ಎಳೆದಿತ್ತು. ಆದರೆ ಟಿಕೀಟು ಕೊಂಡು ಜನಸಾಮಾನ್ಯರು ಹತ್ತಬಹುದಾದ ರೈಲು ಭಾರತದಲ್ಲಿ, ಅಷ್ಟೇ ಏಕೆ ಇಡೀ ಏಷ್ಯಾ ಖಂಡದಲ್ಲಿ, ಇದೇ ಮೊದಲನೆಯದು. ನಾರ್ವೆ ದೇಶಕ್ಕೆ ರೈಲು ಬಂದದ್ದು ಮರುವರ್ಷ, ಪೋರ್ಚುಗಲ್ಲಿಗೆ 1856ರಲ್ಲಿ. ಯುರೋಪಿನ ಕೆಲವು ದೇಶಗಳಿಗಿಂತ ನಾವು ಮುಂದಿದ್ದೆವು ಅಂತಾಯಿತು. ಆದರೆ ಆ 'ನಾವು' ಅನ್ನುವ ಮಾತಿನಲ್ಲಿ ಯಾರು ಯಾರು ಸೇರುತ್ತಾರೆ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು.

ಹಳಿ ಹಾಕಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಲಂಡನ್ನಿನ ಕಂಪನಿ. ಹಿರಿಯ ಇಂಜಿನಿಯರು ಜೇಮ್ಸ್ ಬರ್ಕ್ಲಿ. 1850ರ ಅಕ್ಟೋಬರ್ 31ರಂದು ಸಾಯನ್ ಬಳಿ ಮೊದಲ ಗುದ್ದಲಿ ಬಿತ್ತು. ಜೌಗು ನೆಲಕ್ಕೆ ಮಣ್ಣು ಸುರಿದು ಏರಿ ಕಟ್ಟಿದ್ದು, ಕಲ್ಲು ಒಡೆದದ್ದು, ಸೇತುವೆ ಎಬ್ಬಿಸಿದ್ದು ಎಲ್ಲ ನಮ್ಮ ಜನ. ಬುಟ್ಟಿ ಹೊತ್ತ ಹೆಂಗಸರು, ಮಕ್ಕಳೂ ಅದರಲ್ಲಿ ಇದ್ದರು. ತೋಪು ಹಾರಿದ ದಿನ ಡಬ್ಬಿಯೊಳಗೆ ಕೂತ ನಾನೂರು ಮಂದಿಯಲ್ಲಿ ಅವರಾರೂ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಯ ದೊಡ್ಡ ವರ್ತಕರ ಹೆಸರನ್ನು ಮಾತ್ರ ಮರೆಯಬಾರದು. ಜಗನ್ನಾಥ ಶಂಕರಶೇಟ್ ಮತ್ತು ಪಾರ್ಸಿ ಕೋಟ್ಯಧೀಶ ಜಮ್ಶೇಟ್‌ಜಿ ಜೀಜೀಭಾಯ್ ಇಬ್ಬರೂ 1845ರಿಂದಲೇ ರೈಲು ಬರಬೇಕೆಂದು ಓಡಾಡಿದವರು. ಮೊದಲ ಓಟ ಮುಗಿದ ಎರಡನೇ ದಿನಕ್ಕೆ, ಏಪ್ರಿಲ್ 18ರಂದು, ಜೀಜೀಭಾಯ್ ಅವರು ಇಡೀ ಗಾಡಿಯನ್ನೇ ಗೊತ್ತುಮಾಡಿಕೊಂಡು ಮನೆಮಂದಿ, ನೆಂಟರಿಷ್ಟರನ್ನೆಲ್ಲ ಕೂರಿಸಿಕೊಂಡು ಠಾಣೆಗೆ ಹೋಗಿಬಂದರಂತೆ. ನಮ್ಮ ಕಡೆ ಹೊಸ ಟ್ರಾಕ್ಟರು ಬಂದ ದಿನ ಬೀದಿಯ ಹುಡುಗರನ್ನೆಲ್ಲ ಹತ್ತಿಸಿಕೊಂಡು ಒಂದು ಸುತ್ತು ಹೊಡೆಯುವುದಿಲ್ಲವೇ, ಹಾಗೆ.

ಈ ದೇಶದ ಬಡವರು ರೈಲಿಗೆ ಕಾಸು ಖರ್ಚು ಮಾಡುವುದಿಲ್ಲ, ಬೇರೆ ಬೇರೆ ಜಾತಿಯವರು ಒಂದೇ ಡಬ್ಬಿಯಲ್ಲಿ ಕೂರುವುದೂ ಇಲ್ಲ ಎಂದು ಇಂಗ್ಲೆಂಡಿನಲ್ಲಿ ಬಹಳ ಮಂದಿ ಅನುಮಾನಪಟ್ಟಿದ್ದರು. ಆದದ್ದೇ ಬೇರೆ. ಕೆಳದರ್ಜೆಯ ಡಬ್ಬಿಗಳೇ ತುಂಬಿ ತುಳುಕಿದವು. ಪ್ರಯಾಣಿಕರಿಂದ ಬಂದ ಹಣದಲ್ಲಿ ದೊಡ್ಡ ಪಾಲು ಅವರದೇ. ಮೇಲಿನ ದರ್ಜೆಯ ಮೆತ್ತೆಯ ಖರ್ಚನ್ನು ಹಲಗೆಯ ಮೇಲೆ ಕೂತವರು ತೆತ್ತರು ಎಂದರೆ ತಪ್ಪಾಗಲಾರದು.

ಇನ್ನು ಲೆಕ್ಕದ ಪುಸ್ತಕಕ್ಕೆ ಬರೋಣ. ನಮ್ಮ ಸದಸ್ಯರು ಇದನ್ನು ಗಮನವಿಟ್ಟು ಓದಬೇಕೆಂದು ನನ್ನ ಕೋರಿಕೆ. ಠಾಣೆಗೆ ಓಡಿದ ರೈಲಿನ ಹಿಂದೆ 1849ರ ಆಗಸ್ಟ್ 17ರಂದು ಆದ ಒಂದು ಕರಾರಿತ್ತು. ರೈಲ್ವೆ ಕಂಪನಿಗೂ, ಆಗ ದೇಶ ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಗೂ ನಡುವಿನ ಕರಾರು. ಮೊದಲ ಬಂಡವಾಳ 5 ಲಕ್ಷ ಪೌಂಡು. ಅದಕ್ಕೆ ಶೇಕಡ 5ರಂತೆ ಬಡ್ಡಿ ಖಾತರಿ. ರೈಲು ಓಡಲಿ ಬಿಡಲಿ, ಲಾಭ ಬರಲಿ ಬಿಡಲಿ, ಷೇರುದಾರನ ಬಡ್ಡಿ ಮಾತ್ರ ತಪ್ಪುವುದಿಲ್ಲ. ದುಡಿಮೆ ಸಾಲದೆ ಬಂದರೆ ಉಳಿದದ್ದನ್ನು ಸರ್ಕಾರ ತುಂಬಿಕೊಡುತ್ತದೆ. ಬೇಕಾದ ಜಮೀನು ಪುಕ್ಕಟೆ, 99 ವರ್ಷಕ್ಕೆ. ಐದಕ್ಕಿಂತ ಮೇಲೆ ಲಾಭ ಬಂತೋ, ಅದರಲ್ಲಿ ಅರ್ಧ ಹಿಂದೆ ಸರ್ಕಾರ ಕೊಟ್ಟ ಬಡ್ಡಿಯ ಬಾಕಿಗೆ, ಅರ್ಧ ಷೇರುದಾರರಿಗೆ. ಕೆಲಸ ಬೇಡವೆನಿಸಿದರೆ ಆರು ತಿಂಗಳ ನೋಟೀಸು ಕೊಟ್ಟು ಹಾಕಿದ ಬಂಡವಾಳ ವಾಪಸು ಪಡೆಯುವ ಅವಕಾಶ ಬೇರೆ!

ಸರ್ಕಾರ ತುಂಬಿಕೊಡುತ್ತದೆ ಅಂದೆನಲ್ಲ, ಸರ್ಕಾರದ ದುಡ್ಡು ಎಲ್ಲಿಂದ ಬಂತು? ನಮ್ಮ ಹಿರಿಯರು ಕಟ್ಟಿದ ಕಂದಾಯದಿಂದ, ಉಪ್ಪಿನ ಸುಂಕದಿಂದ. ರೈಲನ್ನು ಕಣ್ಣಿಂದ ಕೂಡ ನೋಡದ ರೈತ ಲಂಡನ್ನಿನ ಷೇರುದಾರನಿಗೆ ಬಡ್ಡಿ ಕಟ್ಟಿದ. ನಮ್ಮ ಸಂಘದಲ್ಲಿ ನೂರು ರೂಪಾಯಿ ಷೇರು ಹಾಕಿದವನು ಲಾಭ ಬಂದರೆ ಡಿವಿಡೆಂಡು ತಗೋತಾನೆ, ನಷ್ಟವಾದ ವರ್ಷ ಸುಮ್ಮನೆ ಕೂರುತ್ತಾನೆ. ಲಾಭ ತನಗೆ, ನಷ್ಟ ಪಕ್ಕದ ಮನೆಯವನಿಗೆ ಎಂದು ಯಾರಾದರೂ ಬೈಲಾ ಬರೆದುಕೊಂಡು ಬಂದರೆ ನಾವು ಒಪ್ಪುತ್ತೇವೆಯೇ? ಅಂಥ ಬೈಲಾವೇ ಅಂದು ಪಾಸಾಯಿತು.

ಇದರ ಫಲ ಏನಾಯಿತೆಂಬುದಕ್ಕೆ ಸಾಕ್ಷಿ ಹೇಳಿದವರು ಇಂಗ್ಲಿಷರೇ. ಭಾರತ ಸರ್ಕಾರದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ ಎಂಬವರು 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು: ಐದು ಪರ್ಸೆಂಟು ಖಾತರಿ ಇದ್ದ ಮೇಲೆ ಹಣ ಹಾಕಿದವನಿಗೆ ಅದು ಇಟ್ಟಿಗೆ ಗಾರೆಯಾದರೂ ಒಂದೇ, ಹೂಗ್ಲಿ ನದಿಗೆ ಹೋಗಿ ಬಿದ್ದರೂ ಒಂದೇ. ಖರ್ಚಿಗೆ ಕಡಿವಾಣವೇ ಇರಲಿಲ್ಲ. ಮೈಲಿಗೆ 8,000 ಪೌಂಡು ಸಾಕೆಂದು ಹೊರಟದ್ದು ಕೊನೆಗೆ ಅದರ ಎರಡು ಪಟ್ಟನ್ನೂ ದಾಟಿತು.

ಆದರೂ 1853ರಲ್ಲಿ ಇದನ್ನು ನಿಲ್ಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಮುಂಬಯಿಯಲ್ಲಿ ರೈಲು ಓಡಿ ನಾಲ್ಕೇ ದಿನಕ್ಕೆ, ಏಪ್ರಿಲ್ 20ರಂದು, ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ತಮ್ಮ ಹೆಸರಾಂತ ಟಿಪ್ಪಣಿಗೆ ಸಹಿ ಹಾಕಿದರು. ಕಲ್ಕತ್ತೆಯಿಂದ ಲಾಹೋರಿಗೆ, ಕಲ್ಕತ್ತೆ ಕಡೆಯಿಂದ ಮುಂಬಯಿಗೆ, ಮುಂಬಯಿಯಿಂದ ಮದರಾಸಿಗೆ, ಮದರಾಸಿನಿಂದ ಮಲಬಾರ್ ಕರಾವಳಿಗೆ ದೊಡ್ಡ ದಾರಿಗಳಾಗಬೇಕು; ಕೆಲಸ ಖಾಸಗಿ ಕಂಪನಿಗಳದು, ಮೇಲ್ವಿಚಾರಣೆ ಸರ್ಕಾರದ್ದು ಎಂದು ಅದರಲ್ಲಿ ಬರೆದರು. ಕಾರಣಗಳನ್ನೂ ಮುಚ್ಚಿಡಲಿಲ್ಲ. ಗಲಾಟೆ ಎದ್ದ ಕಡೆಗೆ ಸೈನ್ಯ ಬೇಗ ಸಾಗಿಸಬಹುದು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕು, ಅವರ ಸಾಮಾನು ಇಲ್ಲಿ ಮಾರಾಟವಾಗಬೇಕು. ಮುಂಬಯಿ–ಮದರಾಸು ದಾರಿಯ ಎರಡು ತುದಿಗಳು ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿ, 1871ರಲ್ಲಿ.

ಹತ್ತಿಯ ಮಾತು ಬಂದಾಗ ಧಾರವಾಡದ ಕಡೆಯವರಿಗೆ ಕಿವಿ ನಿಮಿರುತ್ತದೆ. 1840ರ ದಶಕದಲ್ಲೇ ಅಲ್ಲಿ ಅಮೇರಿಕದ ಜಾತಿಯ ಹತ್ತಿ ಬೆಳೆಸುವ ಪ್ರಯೋಗ ನಡೆದಿತ್ತು. ಬೆಳೆದ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬಯಿ ಸೇರಬೇಕು. ದಾರಿಯಲ್ಲಿ ಧೂಳು, ಮಳೆ, ಕಳ್ಳತನ. ರೈಲು ಬಂದರೆ ಇದೆಲ್ಲ ತಪ್ಪುತ್ತದೆಂದು ಇಂಗ್ಲೆಂಡಿನ ಮಿಲ್ಲಿನವರು ಕಾದರು. ಆದರೆ ಹುಬ್ಬಳ್ಳಿ–ಧಾರವಾಡಕ್ಕೆ ರೈಲು ಮುಟ್ಟಿದ್ದು 1880ರ ದಶಕದಲ್ಲಿ. ಅಷ್ಟರೊಳಗೆ ಕುಮಟೆಯ ಹತ್ತಿ ಎಷ್ಟೋ ಜನರನ್ನು ಸಾಹುಕಾರರನ್ನಾಗಿ ಮಾಡಿತ್ತು. ರೈಲು ಬಂದ ಮೇಲೆ ಆ ಬಂದರಿನ ಕಳೆ ಇಳಿಯಿತು. ಒಂದೂರಿಗೆ ಹಳಿ ಬಂದರೆ ಇನ್ನೊಂದೂರಿಗೆ ಹೊಡೆತ ಬೀಳುವುದು ಹೀಗೆ.

ಅದೇ ವರ್ಷ ಸಮುದ್ರದಾಚೆಗೆ, ಅಮೇರಿಕದಲ್ಲಿ, ಬೇರೆ ಬಗೆಯ ಪಾಠಗಳಾದವು. ಅಲ್ಲಿ ಆಗಲೇ ಸಾವಿರಾರು ಮೈಲಿ ಹಳಿ ಇತ್ತು. ಎಚ್ಚರಿಕೆ ಮಾತ್ರ ಸಾಲದಾಗಿತ್ತು. ಮೇ 6ರಂದು ಕನೆಕ್ಟಿಕಟ್ ರಾಜ್ಯದ ನಾರ್ವಾಕ್ ಎಂಬಲ್ಲಿ, ಹಡಗು ಬಂದಾಗ ತೆರೆದು ದಾರಿ ಬಿಡುವ ಸೇತುವೆಯೊಂದು ತೆರೆದಿತ್ತು. ಸೇತುವೆ ಮುಚ್ಚಿದ್ದರೆ ಕಂಬದ ಮೇಲೆ ಕೆಂಪು ಚೆಂಡು ಏರಿಸುವುದು ವಾಡಿಕೆ. ಚೆಂಡು ಇಲ್ಲದ್ದನ್ನು ಡ್ರೈವರು ಗಮನಿಸಲಿಲ್ಲ. ಗಾಡಿ ನೇರ ಹೊಳೆಗೆ ಬಿತ್ತು. 46 ಮಂದಿ ಸತ್ತರು. ಅವರಲ್ಲಿ ನ್ಯೂಯಾರ್ಕಿನ ವೈದ್ಯರ ಸಮ್ಮೇಳನ ಮುಗಿಸಿ ಊರಿಗೆ ಹೊರಟಿದ್ದ ಡಾಕ್ಟರುಗಳೂ ಇದ್ದರು. ಒಂದು ಸಣ್ಣ ಮಾತು: ಅಪಾಯವಿದ್ದಾಗ ಏನೂ ಕಾಣಿಸದೆ, ಕ್ಷೇಮವಿದ್ದಾಗ ಮಾತ್ರ ಗುರುತು ಕಾಣಿಸುವ ಏರ್ಪಾಡಿನಲ್ಲಿ ಕಣ್ಣು ತಪ್ಪಿದರೆ ಉಳಿಗಾಲವಿಲ್ಲ. ಆ ರಾಜ್ಯ ತಡಮಾಡಲಿಲ್ಲ. ಇಂಥ ಸೇತುವೆಗಳ ಮುಂದೆ ಪ್ರತಿಯೊಂದು ರೈಲೂ ಪೂರ್ತಿ ನಿಂತು ಹೊರಡಬೇಕೆಂದು ಕಾನೂನು ಮಾಡಿತು, ರೈಲ್ವೆ ನೋಡಿಕೊಳ್ಳಲು ಕಮಿಷನರುಗಳನ್ನು ನೇಮಿಸಿತು.

ಆಗಸ್ಟ್ 12ರಂದು ರೋಡ್ ಐಲೆಂಡಿನ ವ್ಯಾಲಿ ಫಾಲ್ಸ್ ಬಳಿ ಎರಡು ಗಾಡಿಗಳು ಎದುರುಬದುರಾಗಿ ಗುದ್ದಿಕೊಂಡವು. ಸತ್ತವರು 14 ಮಂದಿ. ಕಾರಣ ಹುಡುಕಿದರೆ ಸಿಕ್ಕಿದ್ದು ಒಂದು ಗಡಿಯಾರ! ಕಂಡಕ್ಟರು ಬೇರೆಯವರಿಂದ ಎರವಲು ತಂದ ಗಡಿಯಾರ ಸ್ವಲ್ಪ ಹಿಂದಿತ್ತು. ಒಂದೇ ಹಳಿಯ ಮೇಲೆ ಬರುವ ಗಾಡಿ, ಹೋಗುವ ಗಾಡಿ ಎರಡಕ್ಕೂ ಗಡಿಯಾರವೇ ಕಾವಲುಗಾರ. ಅಲ್ಲಿಯವರೆಗೆ ಊರಿಗೊಂದು ಹೊತ್ತು ಇತ್ತು. ಸೂರ್ಯ ನೆತ್ತಿಗೆ ಬಂದರೆ ಆ ಊರಿಗೆ ಮಧ್ಯಾಹ್ನ. ಅಮೇರಿಕದ ರೈಲುಗಳೆಲ್ಲ ಒಂದು ಏರ್ಪಾಡಿನ ಹೊತ್ತಿಗೆ ಬಂದದ್ದು 1883ರಲ್ಲಿ. ನಮ್ಮಲ್ಲಿ ಈಗಿನ ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ.

ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಆಲ್ಬನಿಗೂ ಬಫಲೋಗೂ ನಡುವೆ ಇದ್ದ ಹತ್ತು ಸಣ್ಣ ಕಂಪನಿಗಳು ಸೇರಿ ನ್ಯೂಯಾರ್ಕ್ ಸೆಂಟ್ರಲ್ ಎಂಬ ಒಂದೇ ಕಂಪನಿಯಾಯಿತು. ಅಧ್ಯಕ್ಷ ಎರಾಸ್ಟಸ್ ಕಾರ್ನಿಂಗ್ ಕಬ್ಬಿಣದ ವ್ಯಾಪಾರಿ. ಸಂಬಳ ಬೇಡ ಎಂದರು. ಕಂಪನಿಗೆ ಬೇಕಾದ ಕಬ್ಬಿಣದ ಸಾಮಾನನ್ನು ಮಾತ್ರ ತಾವೇ ಸರಬರಾಜು ಮಾಡಿದರು. ಮುಂದಿನದನ್ನು ಸದಸ್ಯರು ಊಹಿಸಿಕೊಳ್ಳಬಹುದು.

ಆ ವರ್ಷದ ಇನ್ನೊಂದು ದೊಡ್ಡ ರಗಳೆ ಗೇಜಿನದು, ಅಂದರೆ ಎರಡು ಹಳಿಗಳ ನಡುವಿನ ಅಗಲದ್ದು. ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನಲ್ಲಿ ಪೂರ್ವದಿಂದ ಬಂದ ಹಳಿ 6 ಅಡಿ ಅಗಲ, ಪಶ್ಚಿಮದ್ದು 4 ಅಡಿ 10 ಅಂಗುಲ. ಪ್ರಯಾಣಿಕರೆಲ್ಲ ಅಲ್ಲಿ ಇಳಿದು ಗಾಡಿ ಬದಲಿಸಬೇಕು, ಸಾಮಾನೆಲ್ಲ ಇಳಿಸಿ ಹೇರಬೇಕು. ಹಮಾಲರು, ಗಾಡಿಯವರು, ಕಡಲೆಕಾಯಿ ಮಾರುವವರು ಅದರಿಂದಲೇ ಬದುಕುತ್ತಿದ್ದರು. ಡಿಸೆಂಬರ್ 7ರಂದು ಎರಡನ್ನೂ ಒಂದೇ ಅಗಲ ಮಾಡಲು ಕಂಪನಿ ಕೆಲಸ ಶುರುಮಾಡಿದಾಗ ಊರಿಗೆ ಊರೇ ಎದ್ದುನಿಂತಿತು. ಮೇಯರೇ ಮುಂದಾಳಾಗಿ ಹೋಗಿ ರೈಲಿನ ಸೇತುವೆ ಮುರಿಸಿದರು. ಕೊರೆಯುವ ಹಿಮದಲ್ಲಿ ಪ್ರಯಾಣಿಕರು ಏಳು ಮೈಲಿ ಜಾರುಬಂಡಿಯಲ್ಲಿ ಹೋಗಬೇಕಾಯಿತು. ಹಾಗೆ ಸಿಕ್ಕಿಬಿದ್ದವರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿಯೂ ಒಬ್ಬರು. ಪತ್ರಿಕೆಯಲ್ಲಿ ಆ ಊರನ್ನು ಚೆನ್ನಾಗಿ ಜಾಡಿಸಿದರು. ಕಡಲೆಕಾಯಿ ಮಾರುವುದಕ್ಕಾಗಿ ಜಗಳ ಎಂದು ಜನ ನಕ್ಕರು. ನನಗಂತೂ ಪೂರ್ತಿ ನಗಲು ಮನಸ್ಸಾಗುವುದಿಲ್ಲ. ಹೊಟ್ಟೆಪಾಡು ಹೋಗುವಾಗ ಯಾರಾದರೂ ಕೂಗುತ್ತಾರೆ.

ಆಸ್ಟ್ರೇಲಿಯಾದಲ್ಲಿ ಆದದ್ದಕ್ಕೆ ಹೊಟ್ಟೆಪಾಡಿನ ನೆಪವೂ ಇಲ್ಲ. ಸಿಡ್ನಿಯ ಕಡೆಯವರು ಮೊದಲು 5 ಅಡಿ 3 ಅಂಗುಲ ಎಂದು ಕಾನೂನು ಮಾಡಿ, ಇಂಜಿನಿಯರು ಬದಲಾದದ್ದೇ ತಡ, 1853ರಲ್ಲಿ ಅದನ್ನು ರದ್ದುಮಾಡಿ 4 ಅಡಿ ಎಂಟೂವರೆ ಅಂಗುಲಕ್ಕೆ ಹೋದರು. ಅಷ್ಟರಲ್ಲಿ ಮೆಲ್ಬರ್ನಿನವರು ಮೊದಲಿನ ಅಳತೆ ನಂಬಿ ಇಂಜಿನ್ನು ಡಬ್ಬಿಗಳಿಗೆ ಆರ್ಡರು ಕೊಟ್ಟಾಗಿತ್ತು. ಇಬ್ಬರೂ ಹಿಂದೆಸರಿಯಲಿಲ್ಲ. ಸಿಡ್ನಿಯಿಂದ ಮೆಲ್ಬರ್ನಿಗೆ ಗಾಡಿ ಬದಲಿಸದೆ ಹೋಗುವ ಭಾಗ್ಯ ಬಂದದ್ದು 1962ರಲ್ಲಿ!

ನಮ್ಮಲ್ಲಿ ಡಾಲ್‌ಹೌಸಿಗೆ 6 ಅಡಿ ಬೇಕಿತ್ತು, ಕೊನೆಗೆ 5 ಅಡಿ 6 ಅಂಗುಲಕ್ಕೆ ಇತ್ಯರ್ಥವಾಗಿ ಠಾಣೆಯ ಹಳಿ ಆ ಅಳತೆಗೇ ಬಿತ್ತು. ಇದೇ ನಮ್ಮ ಬ್ರಾಡ್‌ಗೇಜ್. ಇಂಗ್ಲೆಂಡಿನ ಗೇಜಿನ ಜಗಳವನ್ನು ಕಣ್ಣಾರೆ ಕಂಡಿದ್ದ ಡಾಲ್‌ಹೌಸಿ, ದೇಶಕ್ಕೆಲ್ಲ ಒಂದೇ ಅಳತೆ ಇರಬೇಕೆಂದು ಹಟ ಹಿಡಿದಿದ್ದರು. ಬಡ್ಡಿಯ ಕರಾರನ್ನು ಎಷ್ಟೇ ಬೈದರೂ ಈ ಒಂದು ವಿಚಾರದಲ್ಲಿ ಅವರು ಸರಿಯಾಗಿದ್ದರು ಅನ್ನಲೇಬೇಕು. ಆ ಹಟ ಉಳಿದದ್ದು ಹದಿನೇಳೇ ವರ್ಷ. 1870ರಲ್ಲಿ ಲಾರ್ಡ್ ಮೇಯೋ ಕಾಲಕ್ಕೆ, ಖರ್ಚು ಉಳಿಸಬೇಕೆಂದು ಮೀಟರ್‌ಗೇಜ್ ತಂದರು. ಬೆಂಗಳೂರಿಗೆ ಜೋಲಾರಪೇಟೆಯಿಂದ 1864ರಲ್ಲಿ ಬಂದದ್ದು ಬ್ರಾಡ್‌ಗೇಜ್. ಬೆಂಗಳೂರಿನಿಂದ ಮೈಸೂರಿಗೆ 1882ರ ಹೊತ್ತಿಗೆ ಹೋದದ್ದು ಮೀಟರ್‌ಗೇಜ್. ಮದರಾಸಿನಿಂದ ಬಂದ ಸರಕು ಬೆಂಗಳೂರಿನಲ್ಲಿ ಇಳಿದು ಬೇರೆ ಡಬ್ಬಿ ಹತ್ತಿ ಮೈಸೂರಿಗೆ ಹೋಗಬೇಕು. ಹುಬ್ಬಳ್ಳಿ ಕಡೆಯ ಸರಕಿಗೂ ಗುಂತಕಲ್ಲಿನಲ್ಲಿ ಅದೇ ಪಾಡು. ಗೊಬ್ಬರದ ಚೀಲ ಒಂದು ಸಲ ಇಳಿಸಿ ಹೇರಿದರೆ ಎಷ್ಟು ಹರಿಯುತ್ತೆ, ಎಷ್ಟು ಸೋರುತ್ತೆ ಎಂದು ನಮ್ಮ ಗೋದಾಮಿನವರನ್ನು ಕೇಳಿ. 1992ರಲ್ಲಿ, ನಮ್ಮ ರಾಜ್ಯದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಗಳಾಗಿದ್ದಾಗ ಏಕಗೇಜ್ ಯೋಜನೆ ಶುರುವಾಗಿ, ಆ ದಶಕದಲ್ಲಿ ಮೈಸೂರು, ಹುಬ್ಬಳ್ಳಿ ದಾರಿಗಳು ಅಗಲವಾದವು.

ಕೊನೆಯದಾಗಿ ಎರಡು ಸಂಗತಿ. ಗ್ರೀಲಿಯವರ ಅದೇ ಟ್ರಿಬ್ಯೂನ್ ಪತ್ರಿಕೆಗೆ ಲಂಡನ್ನಿನಿಂದ ಕಾರ್ಲ್ ಮಾರ್ಕ್ಸ್ ಲೇಖನ ಬರೆಯುತ್ತಿದ್ದರು. 1853ರ ಆಗಸ್ಟ್ 8ರಂದು ಭಾರತದ ಬಗ್ಗೆ ಅಚ್ಚಾದ ಲೇಖನದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಮಿಲ್ಲಿನ ಮಾಲೀಕರು ರೈಲು ಹಾಕಿಸುತ್ತಿರುವುದು ಅಗ್ಗದ ಹತ್ತಿಗಾಗಿ; ಆದರೆ ಕಬ್ಬಿಣ, ಕಲ್ಲಿದ್ದಲು ಎರಡೂ ಇರುವ ದೇಶದೊಳಗೆ ಯಂತ್ರವನ್ನು ಬಿಟ್ಟ ಮೇಲೆ ಆ ದೇಶ ಯಂತ್ರ ಮಾಡುವುದನ್ನು ಕಲಿಯದಂತೆ ತಡೆಯಲಾಗದು.

ಅದೇ ಆಗಸ್ಟಿನಲ್ಲಿ ಜಪಾನಿನ ನಾಗಸಾಕಿಗೆ ರಷ್ಯದ ಪುತ್ಯಾತಿನ್ ಎಂಬ ನೌಕಾಧಿಕಾರಿ ಹಡಗುಗಳೊಂದಿಗೆ ಬಂದ. ಹಡಗಿನೊಳಗೆ ಒಂದು ಆಟಿಕೆಯ ಉಗಿ ಇಂಜಿನ್ನನ್ನು ದುಂಡನೆಯ ಹಳಿಯ ಮೇಲೆ ಓಡಿಸಿ ತೋರಿಸಿದರು. ನೋಡಲು ಬಂದ ಸಾಗಾ ಪ್ರಾಂತ್ಯದವರು ಅಂಥದೇ ಒಂದನ್ನು ತಾವೇ ಮಾಡಲು ಹೊರಟು, 1855ರಲ್ಲಿ ಮಾಡಿಯೇ ಬಿಟ್ಟರು. ಜಪಾನಿನಲ್ಲಿ ನಿಜವಾದ ರೈಲು ಓಡಿದ್ದು 1872ರಲ್ಲಿ, ನಮಗಿಂತ ಹತ್ತೊಂಬತ್ತು ವರ್ಷ ತಡವಾಗಿ.

ನಮ್ಮಲ್ಲಿ ರಿಪೇರಿಗೆ ದೊಡ್ಡ ದೊಡ್ಡ ಕಾರ್ಖಾನೆಗಳೆದ್ದವು, ಕೈಕೆಲಸದಲ್ಲಿ ನಮ್ಮವರು ಯಾರಿಗೂ ಕಡಿಮೆಯಿರಲಿಲ್ಲ. ಅಜ್ಮೇರಿನಲ್ಲಿ 1895ರಲ್ಲಿ ಒಂದು ಇಂಜಿನ್ನನ್ನು ಪೂರ್ತಿ ಇಲ್ಲೇ ಕಟ್ಟಿ ತೋರಿಸಿದರು ಕೂಡ. ಆದರೂ ಆರ್ಡರು ಹೋಗುತ್ತಿದ್ದದ್ದು ಇಂಗ್ಲೆಂಡಿಗೆ. ಐದು ಪರ್ಸೆಂಟಿನ ಕರಾರಿನವರ ಆಡಳಿತ ಲಂಡನ್ನಿನಲ್ಲಿ, ಖರೀದಿಯೂ ಅಲ್ಲೇ. 1865ರಿಂದ 1941ರವರೆಗೆ ಅಲ್ಲಿಂದ ಬಂದ ಇಂಜಿನ್ನುಗಳು ಸುಮಾರು 12,000. ಇಲ್ಲಿ ಕಟ್ಟಿದವು 700ರ ಆಸುಪಾಸು. ಠಾಣೆಗೆ ರೈಲು ಓಡಿಸಿದ ಆ ಕಂಪನಿಯನ್ನು 1900ರಲ್ಲಿ ಸರ್ಕಾರ ಕೊಂಡುಕೊಂಡಿತು, 1925ರಿಂದ ಆಡಳಿತವನ್ನೂ ನೇರವಾಗಿ ತನ್ನ ಕೈಗೆ ತೆಗೆದುಕೊಂಡಿತು. ಸ್ವತಂತ್ರ ಭಾರತದ ಚಿತ್ತರಂಜನ್ ಕಾರ್ಖಾನೆಯಿಂದ ಮೊದಲ ಉಗಿ ಇಂಜಿನ್ನು ಹೊರಬಂದದ್ದು 1950ರ ನವೆಂಬರಿನಲ್ಲಿ. ಅದಕ್ಕೆ ಸಾಹಿಬ್ ಎಂದೋ ಸುಲ್ತಾನ್ ಎಂದೋ ಹೆಸರಿಡಲಿಲ್ಲ. 'ದೇಶಬಂಧು' ಎಂದು ಕರೆದರು.